ಕಟ್ಟೆ ಖಾಲಿ, ಬಾವಿ ಖಾಲಿ

ಬ್ಲೀಚಿಂಗ್ ಪುಡಿಯ ವಾಸನೆ ಬಂದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗಬಹುದು, ನಳದ ನೀರು ನೆನಪಾಗಬಹುದು. ನನಗೆ ಜಗದೇವಿ ನೆನಪಾಗುತ್ತಾಳೆ. ಅವಳ ಹಿಂದೆಯೇ ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳುತ್ತದೆ. ಈ ಬೇಸಿಗೆಯಲ್ಲಿ ಹುಮನಾಬಾದಿನ ತಂಗಿಯ ಮನೆಗೆ ಹೋಗಿದ್ದೆ. ತಂಗಿಯ ಮಗಳು ಈಜು ಕಲಿಯುತ್ತೇನೆಂದು ಹಟ ಹಿಡಿದು ಕೂತಿದ್ದಳು. ತಂಗಿಗೆ ಅಡಿಗೆ ಮನೆಯಿಂದ ಹೊರಬರಲು ಪುರುಸೊತ್ತಿರಲಿಲ್ಲ, ನೀನೇ ಹೋಗಿ ಹೆಸರು ಹಚ್ಚಿಸಿ ಬಾ ಎಂದಳು. ಹುಡುಗಿಯ ಕೈ ಹಿಡಿದು ಹೈವೇ ಬದಿಯ ಈಜುಕೊಳದ ಗೇಟು ದಾಟುತ್ತಿದ್ದಂತೆ ಆ ವಾಸನೆ ಬಂತು. ನಾನು ಬೇಕೆಂದೇ ಈ ಗೇಟಿನ ಕಡೆ ಹಾಯದೆ ವರ್ಷಗಳಾಗಿದ್ದವು.

ಒಳಗೆ ಗೋಡೆಯ ಮೇಲೆ ನೀಲಿ ಬಣ್ಣದ ದೊಡ್ಡ ಬೋರ್ಡು, ಅದರಲ್ಲಿ ಬಿಳಿ ಅಕ್ಷರಗಳು. ಸುಮ್ಮನೆ ಕಣ್ಣಾಡಿಸಿದವಳು ಮೊದಲ ಸಾಲಿಗೇ ನಿಂತುಬಿಟ್ಟೆ. 'ದೊಡ್ಡವರೊಬ್ಬರು ದಡದ ಮೇಲೆ ಕಣ್ಣಿಟ್ಟು ನಿಂತಿರದೆ ಒಂದು ಮಗುವೂ ನೀರಿಗೆ ಇಳಿಯಕೂಡದು.' ಇದು ನನ್ನ ವಾಕ್ಯ. 'ಇಳಿಯಕೂಡದು' ಎಂದು ಬರೆಯುವ ಹೆಂಗಸು ಈ ಎರಡು ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಕೆಳಗೆ ಓದುತ್ತ ಹೋದೆ. ಹನ್ನೆರಡು ನಿಯಮಗಳು, ಹನ್ನೊಂದು ನನ್ನವೇ. ಚಪ್ಪಲಿಯ ನಿಯಮಕ್ಕೆ ಮಾತ್ರ ಯಾರೋ ಒಂದು ಸಾಲು ಸೇರಿಸಿದ್ದರು: 'ಬರಿಗಾಲಲ್ಲಿ ಬಂದವರ ಹೆಸರನ್ನು ಎಲ್ಲಕ್ಕೂ ಮೊದಲು ಬರೆದುಕೊಳ್ಳಬೇಕು.'

ಪಕ್ಕದಲ್ಲಿ ಮಗನ ಟವೆಲ್ ಹಿಡಿದು ನಿಂತಿದ್ದ ಒಬ್ಬ ಗೃಹಸ್ಥರು ಅದನ್ನೇ ಓದಿ ನಕ್ಕರು. "ಇಂಥಾ ಬಿಸಲಾಗ ಬರಿಗಾಲೀಲೆ ಯಾರ್ ಬರ್ತಾರ್ರಿ ಮೇಡಂ? ಏನೇನರೆ ಬರೀತಾರ ಇವರು."

ನಾನು ನಗಲಿಲ್ಲ. ಬೋರ್ಡಿನ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: 'ನಿಯಮಗಳನ್ನು ಬರೆದವರು ಸುವರ್ಣಾ ಟೀಚರ್, ಬಸವಕಲ್ಯಾಣ.' ಜಗದೇವಿಯ ಹೆಸರು ಎಲ್ಲಿಯೂ ಇರಲಿಲ್ಲ. ಬೇಸಿಗೆಯಲ್ಲಿ ಇಲ್ಲಿ ಈಜು ಕಲಿಸುವವಳು ಅವಳೇ, ಅವತ್ತು ಅವಳಿಗೆ ರಜೆ ಎಂದು ಗೇಟಿನವನು ಹೇಳಿದ. ಹುಡುಗಿಯ ಹೆಸರು ಹಚ್ಚಿಸಿ, ಫಾರ್ಮಿಗೆ ಸಹಿ ಮಾಡಿ, ಬಿರಬಿರನೆ ಹೊರಗೆ ಬಂದೆ.

ನಾನು ಆ ನಿಯಮಗಳನ್ನು ಬರೆದದ್ದು ಕೊರೊನಾ ಕಳೆದು ಶಾಲೆಗಳು ಪೂರ್ತಿ ತೆರೆದ ವರ್ಷ. ಎರಡು ವರ್ಷ ಮನೆಯಲ್ಲೇ ಕೂತಿದ್ದ ಮಕ್ಕಳಿಗೆ ಮೈಯಲ್ಲಿ ಕಸುವು ಬರಬೇಕು, ಆಟೋಟಕ್ಕೆ ಹೊರಡಿಸಿ ಎಂದು ನಮ್ಮ ಸಂಸ್ಥೆಯವರು ಹೇಳಿದ್ದರು. ಸಂಸ್ಥೆಗೆ ಬಸವಕಲ್ಯಾಣದಲ್ಲೊಂದು, ಹುಮನಾಬಾದಿನಲ್ಲೊಂದು ಹೈಸ್ಕೂಲು. ಎರಡೂ ಸೇರಿ ಹುಡುಗಿಯರ ಒಂದು ಈಜು ತಂಡ ಕಟ್ಟಿ ಬೀದರಿನ ಜಿಲ್ಲಾ ಸ್ಪರ್ಧೆಗೆ ಕಳಿಸುವುದೆಂದು ತೀರ್ಮಾನವಾಯಿತು. ಹುಡುಗಿಯರ ಜೊತೆಗೆ ಹೆಂಗಸೊಬ್ಬರು ಇರಲೇಬೇಕಲ್ಲ. ನಮ್ಮ ಶಾಲೆಯ ಪಿ.ಟಿ. ಮಾಸ್ತರು ಗಂಡಸರು. ಹೆಡ್ ಮಾಸ್ತರು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಕಣ್ಣು ಹಾಯಿಸಿ ನನ್ನ ಮೇಲೆ ನಿಲ್ಲಿಸಿದರು.

"ಸರ್, ನನಗ ಈಜಾಕ ಬರಂಗಿಲ್ರಿ. ಮೊಳಕಾಲ ತನಕ ನೀರ ಬಂದ್ರ ಎದಿ ಹೊಡ್ಕೊಳ್ತದ," ಎಂದೆ.

"ಈಜಾವ್ರು ಹುಡುಗ್ಯಾರು. ನೀವು ದಂಡಿ ಮ್ಯಾಲ ಕುಂತು ಎಣಿಸಿದ್ರ ಸಾಕ್ರಿ ಟೀಚರ್. ಗಣಿತ ನಿಮ್ಮದೇ ಅಲ್ಲ?"

ಎಲ್ಲರೂ ನಕ್ಕರು. ನಾನು ನಗುವಿಗೆ ಸಿಟ್ಟಾಗಿ ಒಪ್ಪಿಕೊಂಡೆ. ತಂಡ ಕಳಿಸುವ ಶಾಲೆ ಸುರಕ್ಷತೆಯ ನಿಯಮಗಳನ್ನು ಬರೆದು ಕಡತದಲ್ಲಿ ಇಡಬೇಕಿತ್ತು, ಅದೂ ನನ್ನ ತಲೆಗೇ ಬಂತು. ನೀರಿಗೆ ಹೆದರುವವಳಷ್ಟು ಚೆನ್ನಾಗಿ ನೀರಿನ ನಿಯಮ ಇನ್ಯಾರು ಬರೆದಾರು? ನನಗೆ ಯಾವ ಯಾವ ರೀತಿಯಲ್ಲಿ ಜೀವ ಹೋಗಬಹುದು ಎಂದು ಕೂತು ಯೋಚಿಸಿದೆ, ಒಂದೊಂದಕ್ಕೂ ಒಂದು ನಿಯಮ ಹಾಕಿದೆ. ಜ್ವರ ಬಂದವಳು, ಕಿವಿ ಸೋರುವವಳು ಇಳಿಯಕೂಡದು. ಗುಡುಗಿದ ಮೊದಲ ಸದ್ದಿಗೇ ಎಲ್ಲರೂ ಹೊರಗೆ. ಒಬ್ಬಳು ಮುಳುಗಿದರೆ ಇನ್ನೊಬ್ಬರು ಸುಮ್ಮನೆ ಹಾರಿಬಿಡಕೂಡದು, ಮೊದಲು ಹಗ್ಗ, ಮೊದಲು ಟ್ಯೂಬು. ಗಾಬರಿಯಲ್ಲಿ ಹಾರಿದವರನ್ನು ಮುಳುಗುತ್ತಿರುವವರೇ ಅಪ್ಪಿಕೊಂಡು ಒಳಗೆಳೆದ ಕತೆಗಳನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೆ.

ಇವೆಲ್ಲಕ್ಕಿಂತ ನನಗೆ ಹೆಮ್ಮೆ ಇದ್ದದ್ದು ಚಪ್ಪಲಿಯ ನಿಯಮದ ಮೇಲೆ. ನಮ್ಮಜ್ಜಿ ಮಠಕ್ಕೆ ಹೋದಾಗ ಮೊಮ್ಮಕ್ಕಳನ್ನೆಲ್ಲ ಪ್ರಸಾದಕ್ಕೆ ಕೂಡಿಸಿ ತಾನು ಬಾಗಿಲಲ್ಲಿ ಚಪ್ಪಲಿಗಳ ಹತ್ತಿರ ಕೂರುತ್ತಿದ್ದಳು. ಮಕ್ಕಳ ತಲೆ ಎಣಿಸುವುದು ಕಷ್ಟ, ಅವು ಓಡಾಡುತ್ತವೆ, ಚಪ್ಪಲಿ ಕೂತಲ್ಲೇ ಕೂತಿರುತ್ತವೆ ಎನ್ನುತ್ತಿದ್ದಳು. ನಾನು ಅದನ್ನೇ ನಮ್ಮ ಹುಡುಗಿಯರು ಈಜಬೇಕಿದ್ದ ಮೆಟ್ಟಿಲ ಬಾವಿಗೆ ತಂದೆ. ನೀರಿಗಿಳಿಯುವ ಮೊದಲು ಪ್ರತಿಯೊಬ್ಬಳೂ ಮೆಟ್ಟಿಲ ಮಧ್ಯದ ಕಲ್ಲುಕಟ್ಟೆಯ ಮೇಲೆ ತನ್ನ ಚಪ್ಪಲಿ ಜೋಡಿಸಿ ಇಡಬೇಕು. ಹೊರಗೆ ಬಂದವಳು ಮೊದಲು ಚಪ್ಪಲಿ ಮೆಟ್ಟಬೇಕು, ಆಮೇಲೆ ಟವೆಲ್ಲು. ಕಟ್ಟೆಯ ಮೇಲೆ ಎಷ್ಟು ಜೊತೆ ಉಳಿದಿವೆಯೋ ನೀರಲ್ಲಿ ಅಷ್ಟು ಹುಡುಗಿಯರು. ಕಟ್ಟೆ ಖಾಲಿ, ಬಾವಿ ಖಾಲಿ. ಹೆಡ್ ಮಾಸ್ತರು ಓದಿ, "ಭಾರಿ ತಲಿ ಓಡಿಸೀರಿ ಟೀಚರ್," ಎಂದಾಗ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ನಮ್ಮೂರಲ್ಲಿ ಈಜುಕೊಳವಿರಲಿಲ್ಲ. ಪಕ್ಕದ ಹಳ್ಳಿ ಮೋರಖಂಡಿಯ ಶರಣಪ್ಪ ಕಾಕಾನ ಹೊಲದಲ್ಲಿ ಕೆಂಪು ಕಲ್ಲಿನ ದೊಡ್ಡ ಮೆಟ್ಟಿಲ ಬಾವಿ ಇತ್ತು. ಮೂಲೆಯಲ್ಲಿ ಪಂಪಿನ ಪೈಪು, ಮೇಲೆ ಬೇವಿನ ಮರ, ಅದರಾಚೆ ಜೋಳದ ಕಣಿಕೆ ಒಟ್ಟಿದ ಕೊಟ್ಟಿಗೆ, ಕೊಟ್ಟಿಗೆಗೆ ಹತ್ತಿಕೊಂಡೇ ಕಾಕಾನ ಮನೆ. ವಾರದ ದಿನ ಶಾಲೆ ಬಿಟ್ಟ ಮೇಲೆ ನಮ್ಮ ಎಂಟು ಹುಡುಗಿಯರು ಅಲ್ಲಿ ಈಜಬೇಕು, ರವಿವಾರ ಹುಮನಾಬಾದಿಗೆ ಹೋಗಿ ಅಲ್ಲಿಯ ಹುಡುಗಿಯರ ಜೊತೆ ಈಜುಕೊಳದಲ್ಲಿ ಇಳಿಯಬೇಕು ಎಂದಾಯಿತು.

ಎಂಟರಲ್ಲಿ ಅಂಬಿಕಾ ನನ್ನವಳು. ಹಾಗೆಂದರೆ ನಾನು ಆರಿಸಿ ತಂದವಳು. ಮೋರಖಂಡಿಯವಳೇ, ಒಂಬತ್ತನೆಯ ಇಯತ್ತೆ, ಗಣಿತದಲ್ಲಿ ಚುರುಕು. ಐದು ವರ್ಷದವಳಿದ್ದಾಗ ಅವಳಪ್ಪ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ದೂಡಿ ಈಜು ಕಲಿಸಿದ್ದನಂತೆ. ದೊಡ್ಡವಳಾದ ಮೇಲೆ ಅವ್ವ ನೀಲಮ್ಮ ಬಾವಿ ಬಿಡಿಸಿದ್ದಳು. ನಾನು ಮೂರು ಸಲ ಅವರ ಮನೆ ಮೆಟ್ಟಿಲು ಹತ್ತಿದೆ. ಮೂರನೆಯ ಸಲ ನೀಲಮ್ಮ ಸೆರಗು ಮುಂದೆ ತಂದು ಹೇಳಿದಳು: "ಇದ್ದಾಕಿ ಒಬ್ಬಾಕಿ ಮಗಳ್ರಿ ಟೀಚರ್. ನಿಮ್ಮ ಉಡಿಯಾಗ ಹಾಕೀನಿ. ಹುಷಾರ್ ಇರ್ಲಿ."

"ಜಿಮ್ಮೇದಾರಿ ನಂದ ನೀಲಮ್ಮಾ. ಫಿಕರ್ ಮಾಡಬ್ಯಾಡ," ಎಂದು ಬಂದೆ. ಆ ಮಾತು ಹೇಳುವಾಗ ನನಗೆ ಬಹಳ ಹಿತವಾಗಿತ್ತು.

ಆಮೇಲೆ ಜಗದೇವಿ ಬಂದಳು. ಹುಮನಾಬಾದ್ ಶಾಲೆಯ ಪಿ.ಟಿ. ಟೀಚರ್, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ವಾರಕ್ಕೆರಡು ದಿನ ಬಸ್ಸಿನಲ್ಲಿ ಬಂದು ನಮ್ಮ ಹುಡುಗಿಯರಿಗೂ ಕಲಿಸುವುದೆಂದು ಏರ್ಪಾಟು. ಮೊದಲ ದಿನ ಬಾವಿಯ ಮೇಲೆ ಬಂದು ನಿಂತವಳು ನನ್ನನ್ನು "ಅಕ್ಕಾ" ಎಂದಳು. ಹೆಸರು ಕೇಳುವ ಮೊದಲೇ ವಯಸ್ಸು ಹೇಳಿಬಿಟ್ಟಳಲ್ಲ ಎಂದು ಅಲ್ಲೇ ಸಣ್ಣಗೆ ಚುಚ್ಚಿತು. ಟ್ರ್ಯಾಕ್ ಸೂಟಿನಲ್ಲೇ ಮೇಲಿನ ಮೆಟ್ಟಿಲಿಂದ ಹಾರಿದಳು. ನೀರು ಸದ್ದು ಕೂಡ ಮಾಡಲಿಲ್ಲ. ಆಚೆ ಗೋಡೆಯ ಹತ್ತಿರ ಎದ್ದು ಕೂದಲು ಹಿಂದಕ್ಕೆ ಸರಿಸಿ ನಕ್ಕಾಗ, ನನ್ನ ಎಂಟೂ ಹುಡುಗಿಯರು ಬಾಯಿ ತೆರೆದುಕೊಂಡು ನಿಂತಿದ್ದರು. ಆ ಕ್ಷಣಕ್ಕೇ ಅವರು ಅವಳವರಾದರು. ನಾನು ಮೆಟ್ಟಿಲ ಮೇಲೆ ಚಪ್ಪಲಿ ಕಾಯುತ್ತ ಕೂತಿದ್ದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಎಲ್ಲದರಲ್ಲೂ ಡೊಂಕು ಹುಡುಕತೊಡಗಿದೆ. ಅವಳ ಸೀಟಿ ಬಹಳ ಕರ್ಕಶ. ಅವಳು ಹುಡುಗಿಯರ ಜೊತೆ ನಗುವುದು ಅತಿ. ಬುತ್ತಿ ಬಿಚ್ಚಿದರೆ ಹುಡುಗಿಯರು ನನ್ನ ತಾಲಿಪಟ್ಟು ಬಿಟ್ಟು ಅವಳ ಶೇಂಗಾ ಹಿಂಡಿಗೆ ಮುತ್ತುತ್ತಿದ್ದರು, ಆ ಹಿಂಡಿಯಲ್ಲಿ ಖಾರ ಹೆಚ್ಚು ಎಂದು ನಾನು ತಿನ್ನದೆಯೇ ಹೇಳಿದೆ. ಮಾತುಮಾತಿಗೆ "ಜಗದೇವಿ ಟೀಚರ್ ಹಿಂಗಂದ್ರು, ಜಗದೇವಿ ಟೀಚರ್ ಹಂಗಂದ್ರು" ಎಂಬುದು ಗಣಿತದ ಕ್ಲಾಸಿಗೂ ಬಂತು. ಅಂಬಿಕಾ ಎಲ್ಲರಿಗಿಂತ ಮುಂದೆ. ಜಡೆ ಕೂಡ ಜಗದೇವಿಯ ಹಾಗೆ ಹಾಕಿಕೊಂಡು ಬರತೊಡಗಿದಳು.

ಒಂದು ಸಂಜೆ ಜಗದೇವಿ ನನ್ನ ನಿಯಮಗಳ ಹಾಳೆ ಕೇಳಿ ಇಸಿದುಕೊಂಡು ಮೆಟ್ಟಿಲ ಮೇಲೆ ಕೂತು ಪೂರ್ತಿ ಓದಿದಳು. ಓದುವಾಗ ಅವಳ ಬೆರಳು ಚಪ್ಪಲಿಯ ನಿಯಮದ ಮೇಲೆ ನಿಂತಿತು.

"ಅಕ್ಕಾ, ಇದು ಭಾರಿ ಛಲೋ ಅದ. ಖರೇನ. ಆದ್ರ ಇದೊಂದನ್ನೇ ನಂಬಬಾರದ್ರಿ. ಜೋಡಿ ಮಾಡೂಣು. ಒಬ್ಬೊಬ್ಬಾಕಿಗಿ ಒಬ್ಬಾಕಿ ಗೆಳತಿ. ಸೀಟಿ ಊದಿದ ಕೂಡ್ಲೆ ಇಬ್ರೂ ಕೈ ಹಿಡಕೊಂಡು ಮ್ಯಾಲ ಎತ್ತಬೇಕು. ಮ್ಯಾಲ ಬಂದ್ಮ್ಯಾಲೂ ಹೆಸರ್ ಕರೀಬೇಕು. ಚಪ್ಪಲ್ ಮಾತಾಡಂಗಿಲ್ಲ ನೋಡ್ರಿ, ಗೆಳತಿ ಮಾತಾಡ್ತಾಳ."

ಅವಳು ತನ್ನ ಕೈಯಿಂದಲೇ ಕೆಳಗೆ ಹನ್ನೆರಡನೆಯ ನಿಯಮ ಬರೆದಳು. ಅಕ್ಷರವೂ ದುಂಡಗೆ ಚೆನ್ನಾಗಿತ್ತು. ಅವಳು ಹೇಳಿದ್ದು ಸರಿ ಎಂದು ನನಗೆ ಓದಿದ ಕೂಡಲೇ ಗೊತ್ತಾಯಿತು. ಸರಿ ಎಂದು ಗೊತ್ತಾದದ್ದಕ್ಕೇ ಮೈ ಉರಿಯಿತು. ಮನೆಗೆ ಬಂದು ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದ ಆ ಸಾಲನ್ನು ಅಡ್ಡಗೆ ಹೊಡೆದುಹಾಕಿದೆ. ಮುಂದಿನ ಸಲ ಬಂದು ಕೇಳಿದಳು. "ನಿಮ್ಮ ಹುಮನಾಬಾದಾಗ ಜೋಡಿ ಇರ್ಲಿ. ನಮ್ಮ ಬಾವಿಗಿ ಚಪ್ಪಲ್ ಸಾಕು," ಎಂದೆ. ಅವಳು ಜಗಳಕ್ಕೆ ಬರಲಿಲ್ಲ. ಜಗಳಕ್ಕಾದರೂ ಬಂದಿದ್ದರೆ ನನಗೆ ಅಷ್ಟು ಸಮಾಧಾನವಿರುತ್ತಿತ್ತು.

ಆಷಾಢ ಅರ್ಧ ಕಳೆದ ಹೊತ್ತಿಗೆ ಕನ್ನಡದ ಟೀಚರ್ ಸ್ಟಾಫ್ ರೂಮಿನಲ್ಲಿ ಒಂದು ನೋಟ್ ಬುಕ್ ನನ್ನ ಮುಂದೆ ಹಿಡಿದರು. 'ನನ್ನ ಮೆಚ್ಚಿನ ಶಿಕ್ಷಕಿ' ಎಂಬ ಪ್ರಬಂಧ. "ನಿಮ್ಮ ಅಂಬಿಕಾ ಏನ್ ಬರದಾಳ ನೋಡ್ರಿ," ಎಂದು ನಕ್ಕರು. ನಾನು ಎರಡು ಪುಟ ಜಗದೇವಿಯ ಮೇಲೆ ಓದಿದೆ. ಅವಳು ನೀರಿಗೆ ಹೆದರಬೇಡ ಎಂದದ್ದು, ಕಾಲು ಹೇಗೆ ಆಡಿಸಬೇಕು ಎಂದು ಹೊಟ್ಟೆ ಕೆಳಗೆ ಕೈಯಿಟ್ಟು ತೋರಿಸಿದ್ದು. ಕೊನೆಯ ಸಾಲಿನಲ್ಲಿ ನಾನೂ ಇದ್ದೆ: 'ಸುವರ್ಣಾ ಟೀಚರ್ ಅವರು ನಮ್ಮ ಚಪ್ಪಲಿಗಳನ್ನು ಕಾಯುತ್ತಾರೆ.'

ನಲವತ್ತೈದು ದಾಟಿದ ಹೆಂಗಸು ಹದಿನಾಲ್ಕು ವರ್ಷದ ಹುಡುಗಿಯ ಜೊತೆ ಮಾತು ಬಿಟ್ಟಳು ಎಂದರೆ ಯಾರಾದರೂ ನಗುತ್ತಾರೆ. ನಾನು ಬಿಟ್ಟೆ. ಲೆಕ್ಕ ಬಿಡಿಸಲು ಬೋರ್ಡಿಗೆ ಕರೆಯಲಿಲ್ಲ. ಅವಳು ಕೈ ಎತ್ತಿದರೆ ಕಿಟಕಿಯ ಕಡೆ ನೋಡಿದೆ. ಬಾವಿಯ ಮೇಲೆ ಅವಳು "ಟೀಚರ್" ಎಂದು ಬಂದರೆ ಸೀಟಿ ಒರೆಸುವವಳ ಹಾಗೆ ಮುಖ ತಿರುಗಿಸಿದೆ. ಎರಡು ವಾರ ಅವಳ ಮುಖವನ್ನೇ ನೆಟ್ಟಗೆ ನೋಡಲಿಲ್ಲ, ಇನ್ನು ಅವಳ ಕಾಲು ಎಲ್ಲಿ ನೋಡಿಯೇನು?

ಶ್ರಾವಣ ಹಿಡಿದು ಎರಡೋ ಮೂರೋ ದಿನವಾಗಿತ್ತು. ಹೆಸರು, ಉದ್ದು ಕಾಯಿ ಕಟ್ಟಿದ್ದವು, ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು, ಬಾವಿಯ ನೀರು ಕಲ್ಲುಕಟ್ಟೆಯ ಮೂರು ಮೆಟ್ಟಿಲ ಕೆಳಗೆ ಬಂದು ನಿಂತಿತ್ತು. ಅದು ಜಗದೇವಿ ಬರುವ ದಿನ. ಅವಳು ಹುಡುಗಿಯರಿಗೆ ಉಸಿರು ಬಿಗಿಹಿಡಿದು ನೀರೊಳಗೆ ಸಾಗುವುದನ್ನು ಕಲಿಸಿದಳು. ಐದು ಗಂಟೆಗೆ, "ಅಕ್ಕಾ, ಬಸ್ಸಿನ ಟೈಮ್ ಆತು. ಕಾಕಾನ ಮನ್ಯಾಗ ಬಟ್ಟಿ ಬದಲಿಸಿ ಬರ್ತೀನಿ. ನೀವು ಇರ್ತೀರಲ್ಲ?" ಎಂದು ಕೇಳಿದಳು. "ಇರದೆ ಎಲ್ಲಿ ಹೋಗ್ಲಿ? ಚಪ್ಪಲ್ ಕಾಯಾಕ ಅದೀನಲ್ಲ," ಎಂದೆ. ಅವಳಿಗೆ ಆ ಮಾತಿನ ಹಿಂದುಮುಂದು ತಿಳಿಯಲಿಲ್ಲ, ಹೋದಳು.

ಸ್ವಲ್ಪ ಹೊತ್ತಿಗೇ ಹುಲಸೂರ ದಿಕ್ಕಿನ ಆಕಾಶ ಕಪ್ಪಾಗಿ ಗುಡುಗಿತು. ನಿಯಮದ ಪ್ರಕಾರ ಮೊದಲ ಸದ್ದಿಗೇ ಸೀಟಿ ಊದಿದೆ. ಅದರ ಬೆನ್ನಿಗೇ ಮಳೆ ದಬದಬನೆ ಸುರಿಯಿತು. ಹುಡುಗಿಯರು ಚೀರುತ್ತ, ನಗುತ್ತ ಮೆಟ್ಟಿಲೇರಿ ಬಂದು, ಚಪ್ಪಲಿ ಸಿಕ್ಕಿಸಿಕೊಂಡು, ಒಬ್ಬಳು ಕೊಟ್ಟಿಗೆಗೆ, ಇಬ್ಬರು ಕಾಕಾನ ಮನೆಗೆ, ಉಳಿದವರು ಬೇವಿನ ಮರದ ಕೆಳಗೆ, ಹೀಗೆ ದಿಕ್ಕಾಪಾಲಾಗಿ ಓಡಿದರು. ನಾನು ತಲೆಯ ಮೇಲೆ ಸೆರಗು ಹೊದ್ದು ಕಟ್ಟೆ ನೋಡಿದೆ. ಒಂದು ಚಪ್ಪಲಿಯೂ ಇಲ್ಲ. ಒದ್ದೆ ಕಲ್ಲು ಮಾತ್ರ. ಕಟ್ಟೆ ಖಾಲಿ, ಬಾವಿ ಖಾಲಿ ಎಂದುಕೊಂಡು ನಾನೂ ಕೊಟ್ಟಿಗೆಗೆ ಓಡಿದೆ. ನೀರಿನ ಕಡೆ ತಿರುಗಿ ನೋಡಲಿಲ್ಲ. ನೀರನ್ನು ನೋಡುವುದು ಬೇಡವಾಗಲಿ ಎಂದೇ ಅಲ್ಲವೆ ನಾನು ಚಪ್ಪಲಿಯ ಉಪಾಯ ಹುಡುಕಿದ್ದು.

ಜಗದೇವಿ ಒಣ ಬಟ್ಟೆ ಉಟ್ಟು ಕೊಟ್ಟಿಗೆಯ ಬಾಗಿಲಿಗೆ ಬಂದಳು. ಸುತ್ತ ಕಣ್ಣಾಡಿಸಿದಳು.

"ಅಂಬಿಕಾ ಎಲ್ಲಿ?"

"ಎಲ್ಲಾರೂ ಹೊರಗ ಬಂದಾರ. ಮರದ ಬುಡಕ ಇರಬೇಕು."

"ಮರದ ಬುಡಕಿಂದ ಈಗ ಬಂದೀನಿ. ಅಲ್ಲಿಲ್ಲ. ಕಾಕಾನ ಮನ್ಯಾಗೂ ಇಲ್ಲ."

"ಕಟ್ಟಿ ಮ್ಯಾಲ ಒಂದ ಚಪ್ಪಲಿಲ್ಲ ಜಗದೇವಿ. ನಾ ನೋಡೀನಿ." ನನ್ನ ದನಿಯಲ್ಲಿ ಗೆದ್ದವಳ ಸೊಕ್ಕಿತ್ತು. ಅದು ಈಗಲೂ ನನ್ನ ಕಿವಿಯಲ್ಲಿದೆ.

"ಆಕಿ ಚಪ್ಪಲೇ ಹಾಕ್ಕೊಂಡಿಲ್ರಿ ಅಕ್ಕಾ! ಶ್ರಾವಣ ಮುಗಿಯೂ ತನಕ ಬರಿಗಾಲೀಲೆ ಇರ್ತೀನಂತ ಹರಕಿ ಹೊತ್ತಾಳ. ಈಗ ಹಾದ್ಯಾಗ ಜಾಲಿ ಮುಳ್ಳ ಚುಚ್ಚಿತ್ತು, ನಾನೇ ತಗದೀನಿ."

ನಮ್ಮ ಕಡೆ ಶ್ರಾವಣದಲ್ಲಿ ಬರಿಗಾಲಲ್ಲಿ ನಡೆಯುವವರು ಬೀದಿಗೊಬ್ಬರಿರುತ್ತಾರೆ. ನಮ್ಮಜ್ಜಿಯೇ ನಡೆಯುತ್ತಿದ್ದಳು. ಈ ಊರಲ್ಲಿ ಹುಟ್ಟಿ ಬೆಳೆದು, ಚಪ್ಪಲಿ ಎಣಿಸುವ ನಿಯಮ ಬರೆದು, ಶ್ರಾವಣವನ್ನು ಮರೆತಿದ್ದೆ. ಹುಡುಗಿಯರು ಇಳಿಯುವಾಗ ಕಟ್ಟೆಯ ಮೇಲೆ ಎಂಟರ ಬದಲು ಏಳೇ ಜೊತೆ ಇದ್ದದ್ದನ್ನೂ ಎಣಿಸಿರಲಿಲ್ಲ.

ಜಗದೇವಿ ಓಡಿದಳು, ನಾನು ಅವಳ ಹಿಂದೆ ಎಡವುತ್ತ ಓಡಿದೆ. ಬಾವಿಯ ಆಚೆ ಮೂಲೆಯಲ್ಲಿ, ಪಂಪಿನ ಪೈಪಿಗೆ ಎರಡೂ ಕೈ ಸುತ್ತಿಕೊಂಡು ಅಂಬಿಕಾ ಜೋತುಬಿದ್ದಿದ್ದಳು. ತಲೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಬಾಯಿ ತೆರೆಯುವುದು ಕಾಣುತ್ತಿತ್ತು, ಮಳೆಯ ಸದ್ದಿನಲ್ಲಿ ದನಿ ಕೇಳುತ್ತಿರಲಿಲ್ಲ. ನೀರೊಳಗೆ ಸಾಗುತ್ತಿದ್ದವಳಿಗೆ ಸೀಟಿ ಕೇಳಿಸಿರಲಿಲ್ಲ, ಮೇಲೆ ಬರುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ಕಾಲು ಆಡಿಸಲಾಗಿರಲಿಲ್ಲ.

ಜಗದೇವಿ ಅಂಥ ಈಜುಗಾರ್ತಿ, ಅಂಚಿಗೆ ಬಂದು ನಿಂತಳು. ಹಾರಲಿಲ್ಲ. ನನ್ನ ಕಡೆ ಕೈ ಚಾಚಿ ಕೂಗಿದಳು: "ಅಕ್ಕಾ, ಮೊದಲ ಹಗ್ಗ!"

ನನ್ನ ನಿಯಮ. ಅವಳ ನಿಯಮವನ್ನು ನಾನು ಕೆಂಪು ಪೆನ್ನಿನಲ್ಲಿ ಹೊಡೆದಿದ್ದೆ, ಅವಳು ಆ ಹೊತ್ತಿನಲ್ಲೂ ನನ್ನದನ್ನು ಮೀರಲಿಲ್ಲ. ಟ್ರ್ಯಾಕ್ಟರ್ ಟ್ಯೂಬು ಬೇವಿನ ಬೊಡ್ಡೆಗೆ ಕಟ್ಟಿದ ಹಗ್ಗದ ತುದಿಯಲ್ಲಿ ಸಿದ್ಧವಾಗಿತ್ತು. ತಂದುಕೊಟ್ಟೆ. ಅವಳು ಟ್ಯೂಬಿನೊಳಗೆ ತೋಳು ತೂರಿಸಿ ಇಳಿದಳು. "ಹಗ್ಗ ಬಿಡಬ್ಯಾಡ್ರಿ!" ಎಂದಳು. ನಾನು ಬಿಡಲಿಲ್ಲ. ಕೊನೆಯ ಮೆಟ್ಟಿಲಿಗೆ ಇಳಿದು ಮೊಳಕಾಲವರೆಗೆ ನೀರಲ್ಲಿ ನಿಂತು ಎಳೆದೆ. ಎದೆ ಹೊಡೆದುಕೊಳ್ಳುತ್ತಿತ್ತು, ನೀರಿಗಲ್ಲ. ಶರಣಪ್ಪ ಕಾಕಾ ಬಂದು ಜೊತೆಗೆ ಕೈ ಹಚ್ಚಿದ. ಇಬ್ಬರನ್ನೂ ಎಳೆದು ತಂದೆವು. ಅಂಬಿಕಾ ನೀರು ಕಾರಿ, ಕೆಮ್ಮಿ, ಕಣ್ಣು ಬಿಟ್ಟು ಮೊದಲು ಹಿಡಿದುಕೊಂಡದ್ದು ಜಗದೇವಿಯ ಕುತ್ತಿಗೆ. ದೇವರಾಣೆ ಹೇಳುತ್ತೇನೆ, ಹುಡುಗಿ ಬದುಕಿದ ಆ ಗಳಿಗೆಯಲ್ಲೂ ಆ ಕೈ ನನ್ನ ಕುತ್ತಿಗೆಗೆ ಬರಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಇಂಥ ನಾಚಿಕೆಗೇಡು ಇನ್ನೊಂದಿಲ್ಲ.

ಸುದ್ದಿ ಕೇಳಿ ನೀಲಮ್ಮ ಮಳೆಯಲ್ಲೇ ಓಡಿ ಬಂದಳು. ಮಗಳ ಮೈ ಮುಟ್ಟಿ ಮುಟ್ಟಿ ನೋಡಿದಳು, ಅತ್ತಳು. ಆಮೇಲೆ ಎದ್ದು ನಿಂತು ನಮ್ಮಿಬ್ಬರನ್ನೂ ನೋಡಿ ಕೇಳಿದಳು: "ಎಣಿಸಿದವರ್ ಯಾರ್ರಿ?"

ಉಪ್ಪು ತಿಂದವಳು ನೀರು ಕುಡಿಯಲೇಬೇಕು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಜಗದೇವಿ ಹೇಳಿಬಿಟ್ಟಳು: "ನಾವಿಬ್ರೂ ಎಣಿಸಿದೇವ್ರಿ ಅವ್ವಾ. ಇಬ್ರೂ ತಪ್ಪಿದೇವು."

ನಾನು ಬಾಯಿ ಮುಚ್ಚಿದೆ. ಹೆಡ್ ಮಾಸ್ತರ ಮುಂದೆಯೂ ಅವಳು ಅದನ್ನೇ ಹೇಳಿದಳು, ಅಲ್ಲಿಯೂ ನಾನು ಸುಮ್ಮನಿದ್ದೆ. ಕೃತಜ್ಞತೆ ಬರಬೇಕಿತ್ತು. ನನಗೆ ಬಂದದ್ದು ಬೇರೆ. ಈಜಿನಲ್ಲಿ ಗೆದ್ದಳು, ಹುಡುಗಿಯರನ್ನು ಗೆದ್ದಳು, ಈಗ ಒಳ್ಳೆಯತನದಲ್ಲೂ ಗೆದ್ದಳು, ನನಗೇನು ಉಳಿಸಿದಳು ಎಂದು ರಾತ್ರಿಯೆಲ್ಲ ಕುದ್ದೆ.

ಅಂಬಿಕಾ ಇನ್ನು ಬರುವುದಿಲ್ಲ ಎಂದೇ ಎಣಿಸಿದ್ದೆ. ಮೂರನೆಯ ದಿನ ನೀಲಮ್ಮ ತಾನೇ ಮಗಳ ಕೈ ಹಿಡಿದು ಬಾವಿಗೆ ಕರೆತಂದಳು. "ಈಕಿ ಜೋಡಿ ಯಾರ್ರಿ ಟೀಚರ್?" ಎಂದು ನನ್ನನ್ನೇ ಕೇಳಿದಳು. ನಾನು ಆಗಲೇ ಹೊಸ ಹಾಳೆಯಲ್ಲಿ ನಿಯಮಗಳನ್ನು ಮತ್ತೆ ಬರೆದಿದ್ದೆ, ಹನ್ನೆರಡನ್ನೂ. ಅಂಬಿಕಾಳ ಕೈಯನ್ನು ಅವಳ ಜೋಡಿಯ ಕೈಯಲ್ಲಿಟ್ಟೆ. ಆ ಶ್ರಾವಣ ಮುಗಿಯುವವರೆಗೆ ದಿನಾ ಅವಳ ಹೆಸರನ್ನು ಪೆನ್ನಿನಿಂದ ನನ್ನ ಅಂಗೈ ಮೇಲೆ ಬರೆದುಕೊಂಡು ಬಾವಿಗೆ ಹೋದೆ, ಅವಳು ಚಪ್ಪಲಿಯಿಲ್ಲದ ಕಾಲಲ್ಲಿ ಮೆಟ್ಟಿಲು ಹತ್ತಿ ಬಂದ ಮೇಲೆ ತೊಳೆದೆ. ಬೀದರಿನಲ್ಲಿ ನಮ್ಮ ತಂಡ ಎರಡನೆಯದಾಗಿ ಬಂತು. ಫೋಟೋದಲ್ಲಿ ಹುಡುಗಿಯರೆಲ್ಲ ಜಗದೇವಿಯ ಸುತ್ತ ನಿಂತಿದ್ದಾರೆ, ನಾನು ಅಂಚಿನಲ್ಲಿ ಟವೆಲ್ಲುಗಳನ್ನು ಹಿಡಿದು ನಿಂತಿದ್ದೇನೆ. ಮರುವರ್ಷ ಮೊಳಕಾಲು ನೋವೆಂದು ತಂಡದ ಕೆಲಸ ಬಿಟ್ಟೆ. ಮೊಳಕಾಲು ಚೆನ್ನಾಗಿಯೇ ಇತ್ತು. ಜಗದೇವಿ ಹಬ್ಬಕ್ಕೆ ಫೋನ್ ಮಾಡುತ್ತಿದ್ದಳು, ನಾನು ಎತ್ತುತ್ತಿರಲಿಲ್ಲ, ಒಂದು ದಿನ ಅದೂ ನಿಂತಿತು.

ಈ ಬೇಸಿಗೆಯಲ್ಲಿ ಆ ಬೋರ್ಡು ನೋಡಿ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ನಾನೇ ಕೆಂಪು ಪೆನ್ನಿನಲ್ಲಿ ಹೊಡೆದ ಹನ್ನೆರಡನೆಯ ನಿಯಮಕ್ಕೂ ನನ್ನದೇ ಹೆಸರು, ಸುಳ್ಳಿನ ಕೆಳಗೆ ನನ್ನ ಹೆಸರು ಬರೆದು ಗೋಡೆಗೆ ಹಾಕಿದ ಹಾಗಾಗಿತ್ತು. ಊರಿಗೆ ಮರಳಿದ ಮಾರನೆಯ ದಿನವೇ ಮೋರಖಂಡಿಯ ಬಸ್ಸು ಹತ್ತಿದೆ. ನೀಲಮ್ಮ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಅಂಬಿಕಾ ಕಾಲೇಜಿನ ಗೆಳತಿಯರ ಜೊತೆ ಎಲ್ಲಿಗೋ ಹೋಗಿದ್ದಳು. ನೀಲಮ್ಮ ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಎರಡನ್ನೂ ಕೆಳಗಿಟ್ಟು ಹೇಳಿದೆ.

"ನೀಲಮ್ಮಾ, ಆವತ್ತ ಬಾವಿ ಮ್ಯಾಲ ಇಬ್ರೂ ಎಣಿಸಿರಲಿಲ್ಲ. ನಾ ಒಬ್ಬಾಕೇ ಎಣಿಸಿದ್ದೆ. ಜಗದೇವಿ ಅಲ್ಲಿ ಇರಲೇ ಇಲ್ಲ. ಆಕಿ ಜೋಡಿ ಮಾಡೂಣು ಅಂದಿದ್ಳು, ಬ್ಯಾಡ ಅಂದಾಕಿನೂ ನಾನ. ಹೊಟ್ಟಿಕಿಚ್ಚಿಗಿ ಬ್ಯಾಡ ಅಂದೆ."

ನೀಲಮ್ಮ ಕೈಯೊಳಗಿನ ಬೀಜ ಬುಟ್ಟಿಗೆ ಹಾಕಿದಳು. "ಗೊತ್ತದ ಬಿಡ್ರಿ ಟೀಚರ್. ಆವತ್ತೇ ಗೊತ್ತಿತ್ತು. ಜಗದೇವಿ ಟೀಚರ್ ಬಟ್ಟಿ ಬದಲಿಸಾಕ ಹೋಗಿದ್ರಂತ ಅಂಬಿ ಅವತ್ತ ಮನೀಗಿ ಬಂದ ಕೂಡ್ಲೆ ಹೇಳಿದ್ಳು."

"ಗೊತ್ತಿದ್ದೂ ಮತ್ತ ನನ್ನ ಕೈಯಾಗ ಯಾಕ ಕೊಟ್ಟಿ?"

"ನಾ ಎಲ್ಲಿ ಕೊಡ್ತಿದ್ದೆ? ಸಾಲಿನೂ ಬಿಡಸ್ತೀನಿ ಅಂದಿದ್ದೆ. ಮರುದಿವ್ಸ ಜಗದೇವಿ ಟೀಚರ್ ಇಲ್ಲೇ ಬಂದು ಕುಂತ್ರು, ನೀವ್ ಕುಂತಲ್ಲೇ. ಅವ್ವಾ, ಒಮ್ಮಿ ಹಿಂಗ ತಪ್ಪಿ ಎಣಿಸಿದಾಕಿ ಜನ್ಮದಾಗ ಮತ್ತ ತಪ್ಪಂಗಿಲ್ಲ, ನಿನ್ನ ಮಗಳ್ನ ಕೊಟ್ರ ಸುವರ್ಣಕ್ಕನ ಕೈಯಾಗೇ ಕೊಡು ಅಂದ್ರು. ಅದಕ್ಕ ಕೊಟ್ಟೆ."

ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತೆ. ಆ ಶ್ರಾವಣದಲ್ಲಿ ನನ್ನದೆಂದು ನಾನು ಇಟ್ಟುಕೊಂಡದ್ದು ಒಂದೇ ಇತ್ತು: ಏನೇ ಆಗಲಿ, ನೀಲಮ್ಮ ನನ್ನನ್ನು ನಂಬಿ ಮಗಳನ್ನು ಮತ್ತೆ ಕಳಿಸಿದಳು ಎಂಬುದು. ಅದೂ ಜಗದೇವಿ ತಂದುಕೊಟ್ಟದ್ದು. ಹೊಟ್ಟೆ ಚೆನ್ನಾಗಿಯೇ ಉರಿಯಿತು. ಉರಿಯುತ್ತಿರುವಾಗಲೇ ಫೋನ್ ತೆಗೆದು ಅವಳ ನಂಬರು ಒತ್ತಿದೆ.

"ಅಕ್ಕಾ?" ಎಂದಳು ಅವಳು. ನನ್ನ ನಂಬರು ಅಳಿಸಿರಲಿಲ್ಲ.

ತಪ್ಪಾಯಿತು ಎನ್ನಬೇಕೆಂದಿದ್ದೆ. "ಜಗದೇವಿ, ನನಗ ಈಜಾಕ ಕಲಸ್ತೀಯೇನು?" ಎಂದು ಕೇಳಿಬಿಟ್ಟೆ.

ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ.

"ಬರ್ರಿ ಅಕ್ಕಾ. ಐತವಾರ ಮುಂಜಾನಿ ಏಳಕ್ಕ. ಜೋಡಿಗಿ ನಾ ಇರ್ತೀನಿ," ಎಂದಳು. ಆಮೇಲೆ, "ಆದ್ರ ಚಪ್ಪಲ್ ಹಾಕ್ಕೊಂಡೇ ಬರ್ರಿ."